ಮಷಿನ್‌ಗನ್ ಬಂದ ಮೇಲೆ ಸೇನೆಯಲ್ಲಿ ಕುದುರೆಗೆ ಏನು ಕೆಲಸ ಉಳಿಯಿತು?

ಕುಣಿಗಲ್ ಕೆರೆಯಂಗಳ:
ಸೆಪ್ಟೆಂಬರ್ 23ರಂದು ನಮ್ಮ ಕಾಲೇಜಿನಲ್ಲಿ ಪ್ಯಾಲೆಸ್ಟೈನಿನ ಹೈಫಾ ಕದನದ ಬಗ್ಗೆ ಮಾತನಾಡುವ ಹೊಣೆ ನನ್ನ ಹೆಗಲಿಗೆ ಬಿದ್ದಿದೆ. 1918ರಲ್ಲಿ ಅದೇ ದಿನ ಜೋಧಪುರ ಮತ್ತು ಮೈಸೂರು ಲ್ಯಾನ್ಸರ್ಸ್‌ನ ಸವಾರರು ಭರ್ಜಿ ಹಿಡಿದು, ತುರ್ಕಿ ಪಡೆಯ ಮಷಿನ್‌ಗನ್‌ಗಳ ಎದುರಿಗೇ ಕುದುರೆ ದೌಡಾಯಿಸಿ ಆ ಬಂದರು ಪಟ್ಟಣವನ್ನು ವಶಪಡಿಸಿಕೊಂಡರು. ಇದನ್ನು ಸ್ಟಾಫ್ ರೂಮಿನಲ್ಲಿ ಹೇಳುತ್ತಿದ್ದಂತೆ ಸಹೋದ್ಯೋಗಿಯೊಬ್ಬರು, "ಅದೊಂದು ಅದೃಷ್ಟದ ಆಟ, ಮಷಿನ್‌ಗನ್ ಬಂದ ದಿನವೇ ಕುದುರೆಯ ಯುದ್ಧ ಮುಗಿಯಿತು, ಆಮೇಲೆ ಉಳಿದದ್ದು ಜನವರಿ 26ರ ಪಥಸಂಚಲನ ಮಾತ್ರ" ಎಂದುಬಿಟ್ಟರು.

ಟಿಪ್ಪುವಿನ ಅಶ್ವಸೇನೆಗೆ ಕುದುರೆ ಸಾಕಿದ ಊರಿನವನಾದ್ದರಿಂದ ನನಗೆ ಈ ವಿಷಯದಲ್ಲಿ ತುಸು ಪಕ್ಷಪಾತವಿದೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲಿನ ಕಾಲದಲ್ಲಿ ನಮ್ಮೂರಿನ ಕುದುರೆ ಫಾರಂ ಹೆಸರಾದದ್ದು ರೇಸಿನ ಕುದುರೆಗಳಿಗೆ, ಅದು ಬೇರೆ ಮಾತು. ತಿಳಿದವರನ್ನು ಕೇಳಬೇಕಾದ ಪ್ರಶ್ನೆ ಇಷ್ಟೇ: 1914ರಿಂದ ಈಚಿನ ಯುದ್ಧಗಳಲ್ಲಿ ಕುದುರೆ ನಿಜವಾಗಿಯೂ ಕೆಲಸಕ್ಕೆ ಬಂತೇ, ಅಥವಾ ನಾವು ಅಭಿಮಾನಕ್ಕೆ ಕಥೆ ಕಟ್ಟುತ್ತಿದ್ದೇವೆಯೇ?

ಮಾಲೂರು ಮೆಕ್ಯಾನಿಕಲ್:
ನಿಮ್ಮ ಸಹೋದ್ಯೋಗಿ ಹೇಳಿದ್ದರಲ್ಲಿ ತಪ್ಪೇನಿದೆ ಸರ್? ಕುದುರೆ ಎಂದರೆ ಸುಮಾರು ಐನೂರು ಕಿಲೋ ತೂಗುವ, ದೂರದಿಂದಲೇ ಎದ್ದು ಕಾಣುವ ಗುರಿ. ಅದು ಕಂದಕದಲ್ಲಿ ಮಲಗಿ ತಲೆ ಮರೆಸಿಕೊಳ್ಳಲಾರದು. ನಿಮಿಷಕ್ಕೆ ಐನೂರರಷ್ಟು ಗುಂಡು ಹಾರಿಸುವ ಬಂದೂಕಿನ ಮುಂದೆ ಅದರ ಓಟ ಯಾವ ಲೆಕ್ಕಕ್ಕೂ ಸಾಲದು. ಇದರಲ್ಲಿ ಅಭಿಮಾನಕ್ಕೆ ಜಾಗವಿಲ್ಲ.

ಶಿರಾ ಓದುಗ:
ಅದೃಷ್ಟ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಹೈಫಾದ ನಕ್ಷೆಯನ್ನು ಒಮ್ಮೆ ಎದುರಿಗೆ ಹರಡಿಕೊಂಡು ನೋಡಿ. ಒಂದು ಬದಿಗೆ ಕಾರ್ಮೆಲ್ ಬೆಟ್ಟ, ಇನ್ನೊಂದು ಬದಿಗೆ ಕಿಶೋನ್ ಹೊಳೆ ಮತ್ತು ಅದರ ಜೌಗು, ಇವೆರಡರ ನಡುವೆ ಊರಿಗೆ ಹೋಗುವ ಇಕ್ಕಟ್ಟಾದ ದಾರಿ. ಬೆಟ್ಟದ ಮೇಲೆ ಫಿರಂಗಿಗಳು, ಕೆಳಗೆ ದಾರಿಗೆ ಗುರಿಯಿಟ್ಟ ಮಷಿನ್‌ಗನ್‌ಗಳು. ಕಣ್ಣು ಮುಚ್ಚಿಕೊಂಡು ನೇರವಾಗಿ ನುಗ್ಗಿದ್ದರೆ ಮಾಲೂರಿನವರು ಹೇಳಿದಂತೆಯೇ ಆಗುತ್ತಿತ್ತು.

ಆದರೆ ನಡೆದದ್ದು ಹಾಗಲ್ಲ. ಮೈಸೂರು ಲ್ಯಾನ್ಸರ್ಸ್‌ನ ಒಂದು ಸ್ಕ್ವಾಡ್ರನ್ ಮೊದಲೇ ಕಾರ್ಮೆಲ್ ಬೆಟ್ಟದ ಕಡಿದಾದ ಏರು ಹತ್ತಿ ಮೇಲಿನ ಫಿರಂಗಿಗಳನ್ನು ಹಿಡಿಯಲು ಹೊರಟಿತ್ತು. ಬ್ರಿಗೇಡಿನ ಮಷಿನ್‌ಗನ್‌ಗಳೂ ಒಂದು ಬ್ಯಾಟರಿ ಫಿರಂಗಿಯೂ ಶತ್ರು ತಲೆ ಎತ್ತದಂತೆ ಗುಂಡು ಸುರಿಸುತ್ತಿದ್ದವು. ಅಷ್ಟಾದ ಮೇಲೆಯೇ, ಮಧ್ಯಾಹ್ನ 2 ಗಂಟೆಯ ಹೊತ್ತಿಗೆ, ಜೋಧಪುರದವರು ಮೈದಾನಕ್ಕೆ ಇಳಿದದ್ದು. ಹೊಳೆಯ ದಡದಲ್ಲಿ ಮುಂದೆ ಹೋದ ಕುದುರೆಗಳು ಹುದುಲಿನಲ್ಲಿ ಹೂತುಕೊಂಡಾಗ ಉಳಿದವರು ಓಟ ನಿಲ್ಲಿಸದೆ ಎಡಕ್ಕೆ ತಿರುಗಿ, ಬೆಟ್ಟದ ಬುಡದಲ್ಲಿದ್ದ ಮಷಿನ್‌ಗನ್‌ಗಳ ಮೇಲೆಯೇ ಏರಿಹೋದರು. ಜೋಧಪುರದವರನ್ನು ಮುನ್ನಡೆಸಿದ ಮೇಜರ್ ದಳಪತ್ ಸಿಂಗ್ ಪ್ರಾಣ ತೆತ್ತದ್ದು ಈ ಕದನದಲ್ಲಿಯೇ. ದಾರಿ ತೆರೆದ ಮೇಲೆ ಹಿಂದಿದ್ದ ಮೈಸೂರಿನ ಸವಾರರೂ ಊರೊಳಗೆ ನುಗ್ಗಿದರು.

ಸತ್ತ ಸೈನಿಕರು 8, ಗಾಯಗೊಂಡವರು 34. ಸತ್ತ ಕುದುರೆಗಳು 60, ಗಾಯಗೊಂಡವು 83. ಸೆರೆ ಸಿಕ್ಕವರು 1,350 ಮಂದಿ, ಜತೆಗೆ 17 ಫಿರಂಗಿಗಳು. ಸವಾರರಿಗಿಂತ ಕುದುರೆಗಳು ಎಷ್ಟು ಹೆಚ್ಚು ಏಟು ತಿಂದವು ಎಂಬುದನ್ನು ನಿಮ್ಮ ಉಪನ್ಯಾಸದಲ್ಲಿ ಬಿಡದೆ ಹೇಳಿ. ವೀರಗಾಥೆಯ ಭರದಲ್ಲಿ ಎಲ್ಲರೂ ಅದನ್ನು ನುಂಗಿಹಾಕುತ್ತಾರೆ.

ಮಾಲೂರು ಮೆಕ್ಯಾನಿಕಲ್:
ಅಂದರೆ ಗೆದ್ದದ್ದು ಫಿರಂಗಿ ಮತ್ತು ಮಷಿನ್‌ಗನ್, ಕುದುರೆ ಮಾಡಿದ್ದು ಬರೀ ಸಾಗಾಣಿಕೆ. ನನ್ನ ವಾದವನ್ನೇ ನೀವು ಅಂಕಿಸಂಖ್ಯೆ ಕೊಟ್ಟು ಗಟ್ಟಿ ಮಾಡಿದಿರಿ, ಧನ್ಯವಾದಗಳು.

ಚಿಂತಾಮಣಿ ಮೇಷ್ಟ್ರು:
"ಬರೀ ಸಾಗಾಣಿಕೆ" ಎಂದು ಅಷ್ಟು ಸಸಾರವಾಗಿ ಹೇಳಬೇಡಿ. ಗುಂಡಿನ ಮಳೆ ಬೀಳುವ ಬಯಲನ್ನು ಕಾಲ್ನಡಿಗೆಯಲ್ಲಿ ದಾಟುವವನು ಎಷ್ಟು ಹೊತ್ತು ಗುರಿಯಾಗಿ ನಿಂತಿರುತ್ತಾನೆ, ನಾಗಾಲೋಟದಲ್ಲಿ ದಾಟುವವನು ಎಷ್ಟು ಹೊತ್ತು ಎಂಬುದನ್ನು ಎಂಜಿನಿಯರ್ ಆದ ನೀವೇ ಲೆಕ್ಕ ಹಾಕಿ. 1917ರ ಅಕ್ಟೋಬರ್ 31ರಂದು ಅದೇ ಪ್ಯಾಲೆಸ್ಟೈನಿನ ಬೀರ್‌ಶೆಬಾದಲ್ಲಿ ಆಸ್ಟ್ರೇಲಿಯದ ಲಘು ಅಶ್ವದಳ ಮಾಡಿದ್ದೂ ಇದನ್ನೇ. ಅವರ ಕೈಯಲ್ಲಿ ಕತ್ತಿಯೂ ಇರಲಿಲ್ಲ, ಬಂದೂಕಿನ ತುದಿಗೆ ಸಿಕ್ಕಿಸುವ ಸನೀನನ್ನೇ ಕತ್ತಿಯಂತೆ ಹಿಡಿದಿದ್ದರು. ಬಹಳ ಹೊತ್ತು ನೀರು ಕಾಣದ ಕುದುರೆಗಳಿಗೆ ಸಂಜೆಯೊಳಗೆ ಆ ಊರಿನ ಬಾವಿಗಳು ಸಿಗಲೇಬೇಕಿತ್ತು. ಎದುರಾಳಿಗಳು ದೂರದ ಗುರಿಗೆ ಹೊಂದಿಸಿದ್ದ ಬಂದೂಕಿನ ಅಳತೆಯನ್ನು ಇಳಿಸಿಕೊಳ್ಳುವಷ್ಟರಲ್ಲಿ ಕುದುರೆಗಳು ಕಂದಕ ದಾಟಿ ಒಳಗಿದ್ದವು.

ನಿಮ್ಮ ವಾದ ಪೂರ್ತಿ ಸರಿಯಾಗುವುದು ಫ್ರಾನ್ಸಿನಲ್ಲಿ. ಅಲ್ಲಿ ಕಂದಕದ ಸಾಲು ಸಮುದ್ರದಿಂದ ಸ್ವಿಟ್ಜರ್ಲೆಂಡ್ ಗಡಿಯವರೆಗೆ ಎಡೆಬಿಡದೆ ಹಬ್ಬಿತ್ತು. ಮುಂದೆ ಮುಳ್ಳುತಂತಿ, ಅದರ ಮುಂದೆ ಮೊಣಕಾಲುದ್ದ ಕೆಸರು, ಕುದುರೆ ತೂರಿಹೋಗಲು ಬಿರುಕೇ ಇರಲಿಲ್ಲ. ಪ್ಯಾಲೆಸ್ಟೈನಿನಲ್ಲಿ 1918ರ ಸೆಪ್ಟೆಂಬರ್ 19ರಂದು ಕಾಲಾಳುಗಳೂ ಫಿರಂಗಿಗಳೂ ಸೇರಿ ಬಿರುಕು ಮಾಡಿಕೊಟ್ಟರು, ಕುದುರೆಗಳು ಅದರಲ್ಲಿ ತೂರಿ ಶತ್ರುವಿನ ಬೆನ್ನಿಗೆ ಬಂದವು. ಅದೇ ಕಾಲ, ಅದೇ ಬಂದೂಕು, ಬದಲಾದದ್ದು ನೆಲ.

ಬೂದಿಕೋಟೆ ಬಂಡೆ:
ಹೈದರಾಲಿ ಹುಟ್ಟಿದ ಊರಿನಿಂದ ನನ್ನದೂ ಒಂದು ಮಾತು. ಇದುವರೆಗಿನ ಚರ್ಚೆಯೆಲ್ಲ ದಾಳಿಯ ಸುತ್ತಲೇ ತಿರುಗುತ್ತಿದೆ. ಹೈದರನ ಕುದುರೆಯ ದಂಡು ಇಂಗ್ಲಿಷರನ್ನು ಕಾಡಿದ್ದು ಎದುರು ನಿಂತು ಕಾದಾಡುವುದಕ್ಕಿಂತ ಹೆಚ್ಚಾಗಿ ಮೇವು ಸುಟ್ಟು, ಧಾನ್ಯ ದೋಚಿ, ಸಾಗಾಣಿಕೆಯ ಎತ್ತುಗಳನ್ನು ಹೊಡೆದುಕೊಂಡು ಹೋಗಿ. ಪಡೆಯ ಹೊಟ್ಟೆಗೆ ಹೊಡೆದರೆ ಅದು ತಾನಾಗಿಯೇ ಹಿಂದೆ ಸರಿಯುತ್ತದೆ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಇನ್ನೊಂದು ಸಂಗತಿ. ಸಿಲ್ಲೇದಾರ ಎಂದರೆ ಸ್ವಂತ ಕುದುರೆಯೊಂದಿಗೆ ಚಾಕರಿಗೆ ಬರುವವನು, ಬಾರ್ಗೀರ ಎಂದರೆ ಒಡೆಯನ ಕುದುರೆ ಏರುವವನು. ಸಿಲ್ಲೇದಾರನ ಕುದುರೆ ಸತ್ತರೆ ಅವನ ಬದುಕಿನ ಬಂಡವಾಳವೇ ಮುಳುಗಿದಂತೆ. ಅಂಥವನು ಫಿರಂಗಿಯ ಬಾಯಿಗೆ ಕುದುರೆಯನ್ನು ಏಕೆ ನುಗ್ಗಿಸಿಯಾನು? ಬ್ರಿಟಿಷ್ ಭಾರತದ ಬಹುಪಾಲು ಅಶ್ವದಳಗಳು ಇದೇ ಪದ್ಧತಿಯಲ್ಲಿ ಮೊದಲ ಮಹಾಯುದ್ಧಕ್ಕೆ ಹೋದವು. ಸತ್ತ ಕುದುರೆಗೆ ಬದಲಿ ಒದಗಿಸುವ ತಾಕತ್ತು ಆ ಪದ್ಧತಿಗೆ ಇರಲಿಲ್ಲವಾದ್ದರಿಂದ ಯುದ್ಧ ಮುಗಿದ ಮೇಲೆ ಅದನ್ನು ಕೈಬಿಟ್ಟರು. ಸಿಲ್ಲೇದಾರಿಯನ್ನು ಕೊಂದದ್ದು ಮಷಿನ್‌ಗನ್ನಿಗಿಂತ ಹೆಚ್ಚಾಗಿ ಲೆಕ್ಕಪತ್ರ ಎಂದು ನಾನು ಹೇಳುತ್ತೇನೆ.

ನಂದಿ ತಪ್ಪಲು:
ಎಲ್ಲವೂ ಸರಿ, ಆದರೆ 1939ರಲ್ಲಿ ಪೋಲೆಂಡಿನ ಸವಾರರು ಭರ್ಜಿ ಹಿಡಿದು ಜರ್ಮನ್ ಟ್ಯಾಂಕುಗಳ ಮೇಲೆ ಬಿದ್ದರಲ್ಲ, ಅದಕ್ಕಿಂತ ದೊಡ್ಡ ಹುಚ್ಚುತನ ಬೇಕೇ?

ಶಿರಾ ಓದುಗ:
ನಂದಿಯವರೇ, ಅದು ನಡೆದೇ ಇಲ್ಲದ ಘಟನೆ. 1939ರ ಸೆಪ್ಟೆಂಬರ್ 1ರಂದು ಕ್ರೋಯಾಂಟಿ ಎಂಬಲ್ಲಿ ಪೋಲಿಷ್ ಸವಾರರು ಎರಗಿದ್ದು ಕಾಡಿನಂಚಿನಲ್ಲಿ ಬೀಡುಬಿಟ್ಟಿದ್ದ ಜರ್ಮನ್ ಕಾಲಾಳುಗಳ ಮೇಲೆ, ಅವರನ್ನು ಚದುರಿಸಿದ್ದೂ ನಿಜ. ಅಷ್ಟರಲ್ಲಿ ಜರ್ಮನ್ನರ ಕವಚದ ವಾಹನಗಳು ಬಂದು ಮಷಿನ್‌ಗನ್ ಹಾರಿಸಿದವು, ಸವಾರರು ಸತ್ತರು. ತರುವಾಯ ಅಲ್ಲಿಗೆ ಬಂದ ಪತ್ರಕರ್ತರು ಕುದುರೆಗಳ ಹೆಣವನ್ನೂ ಪಕ್ಕದಲ್ಲಿ ನಿಂತಿದ್ದ ಟ್ಯಾಂಕುಗಳನ್ನೂ ಕಂಡು ಕಥೆ ಹೆಣೆದರು, ಜರ್ಮನ್ ಪ್ರಚಾರಕ್ಕೆ ಅದು ಹಬ್ಬದೂಟವಾಯಿತು. ಅದೇ ದಿನ ಮೋಕ್ರಾ ಎಂಬ ಹಳ್ಳಿಯ ಬಳಿ ಪೋಲಿಷ್ ಅಶ್ವದಳದ ಬ್ರಿಗೇಡೊಂದು ಕುದುರೆಯಿಂದ ಇಳಿದು, ಟ್ಯಾಂಕ್ ನಿರೋಧಕ ಬಂದೂಕು ಹಿಡಿದು ಒಂದು ಇಡೀ ಟ್ಯಾಂಕ್ ಡಿವಿಷನ್ನನ್ನು ತಡೆದು ನಿಲ್ಲಿಸಿತು. ಅದನ್ನು ಯಾರೂ ಹೇಳುವುದಿಲ್ಲ.

ನಂದಿ ತಪ್ಪಲು:
ನಾನು ಇದನ್ನು ಶಾಲೆಯಲ್ಲಿ ಕಲಿತದ್ದು ಸ್ವಾಮಿ. ಪತ್ರಕರ್ತರು ಸುಳ್ಳು ಬರೆದರು ಎಂದಮಾತ್ರಕ್ಕೆ ಕುದುರೆಗಳು ಸತ್ತದ್ದು ಸುಳ್ಳಾಗುವುದಿಲ್ಲ.

ಮಾಲೂರು ಮೆಕ್ಯಾನಿಕಲ್:
ಒಂದು ಕಡೆ ಪೋಲೆಂಡಿನ ಕುದುರೆ, ಇನ್ನೊಂದು ಕಡೆ ಯಂತ್ರಗಳ ಜರ್ಮನಿ. ಕೊನೆಗೆ ಗೆದ್ದದ್ದು ಯಾರು ಎಂಬುದನ್ನೂ ಹೇಳಿಬಿಡಿ.

ತಿಪಟೂರು ಪಶುವೈದ್ಯೆ:
ಆ "ಯಂತ್ರಗಳ ಜರ್ಮನಿ" ಎರಡನೇ ಮಹಾಯುದ್ಧದಲ್ಲಿ ಬಳಸಿದ ಕುದುರೆ ಮತ್ತು ಹೇಸರಗತ್ತೆಗಳ ಸಂಖ್ಯೆ ಸುಮಾರು 27 ಲಕ್ಷ. 1941ರಲ್ಲಿ ರಷ್ಯಾದ ಮೇಲೆ ದಂಡೆತ್ತಿ ಹೋದಾಗ ಅವರ ಜತೆ 6 ಲಕ್ಷಕ್ಕೂ ಹೆಚ್ಚು ಕುದುರೆಗಳಿದ್ದವು. ಸುದ್ದಿಚಿತ್ರಗಳಲ್ಲಿ ಟ್ಯಾಂಕುಗಳನ್ನೇ ತೋರಿಸುತ್ತಿದ್ದರು, ಅವುಗಳ ಹಿಂದೆ ಬರುತ್ತಿದ್ದ ಕಾಲಾಳು ಡಿವಿಷನ್ನುಗಳ ಫಿರಂಗಿ, ಅಡುಗೆ ಬಂಡಿ, ಗಾಯಾಳುಗಳ ಗಾಡಿ ಬಹುಮಟ್ಟಿಗೆ ಕುದುರೆಯ ಮೇಲೆಯೇ ನಡೆಯುತ್ತಿದ್ದವು. ಅವರಿಗೆ ಪೆಟ್ರೋಲ್ ಸಾಲುತ್ತಿರಲಿಲ್ಲ, ಲಾರಿಗಳೂ ಸಾಲುತ್ತಿರಲಿಲ್ಲ. ಎಲ್ಲವನ್ನೂ ಮೋಟಾರಿನ ಮೇಲೆ ಸಾಗಿಸುವ ಶಕ್ತಿ ಇದ್ದದ್ದು ಅಮೆರಿಕನ್ನರಿಗೆ.

ನನ್ನ ವೃತ್ತಿಯ ಕಡೆಯಿಂದ ಒಂದೆರಡು ಮಾತು. ದುಡಿಯುವ ಕುದುರೆಗೆ ದಿನಕ್ಕೆ ಸುಮಾರು ಹತ್ತು ಕಿಲೋ ಮೇವು ಮತ್ತು ಕಾಳು ಬೇಕು, ಮೂವತ್ತು ಲೀಟರಿನಷ್ಟು ನೀರು ಬೇಕು, ಬಿಸಿಲುನಾಡಿನಲ್ಲಿ ಇನ್ನೂ ಹೆಚ್ಚು. ಲಾರಿ ನಿಂತಾಗ ಪೆಟ್ರೋಲ್ ಕುಡಿಯುವುದಿಲ್ಲ, ಕುದುರೆ ನಿಂತಿದ್ದರೂ ತಿನ್ನುತ್ತದೆ. ಮೊದಲ ಮಹಾಯುದ್ಧದಲ್ಲಿ ಬ್ರಿಟನ್ ಫ್ರಾನ್ಸಿಗೆ ಹಡಗಿನಲ್ಲಿ ಕಳಿಸಿದ ಓಟ್ಸ್ ಮತ್ತು ಒಣಹುಲ್ಲಿನ ತೂಕ 50 ಲಕ್ಷ ಟನ್ನಿಗೂ ಹೆಚ್ಚು, ಅದು ಮದ್ದುಗುಂಡಿನ ತೂಕವನ್ನೂ ಮೀರಿತ್ತು. ಮೇವಿನ ಈ ಹೊರೆ ಸೇನೆಗಳನ್ನು ಬೇಸರಗೊಳಿಸಿದಷ್ಟು ಮಷಿನ್‌ಗನ್ ಬೇಸರಗೊಳಿಸಿರಲಾರದು.

ರೋಗ ಇನ್ನೊಂದು ತಲೆನೋವು. ಒಂದು ಕುದುರೆಗೆ ಗ್ಲ್ಯಾಂಡರ್ಸ್ ಬಂದರೆ ಲಾಯವೆಲ್ಲ ಹೋಗುತ್ತದೆ, ಮನುಷ್ಯನಿಗೂ ಅಂಟುತ್ತದೆ. ಆ ಯುದ್ಧದಲ್ಲಿ ಜರ್ಮನ್ ಗೂಢಚಾರರು ಅಮೆರಿಕದಿಂದ ಮಿತ್ರಪಡೆಗಳಿಗೆ ಹೊರಟಿದ್ದ ಕುದುರೆಗಳಿಗೆ ಬೇಕೆಂದೇ ಈ ರೋಗಾಣುವನ್ನು ಸೋಂಕಿಸಲು ಯತ್ನಿಸಿದ್ದರು. ಕೆಲಸಕ್ಕೆ ಬಾರದ ಪ್ರಾಣಿಯ ಮೇಲೆ ಯಾರೂ ಅಷ್ಟು ಶ್ರಮ ಹಾಕುವುದಿಲ್ಲ.

ಚಿಂತಾಮಣಿ ಮೇಷ್ಟ್ರು:
ಕೊನೆಯ ವಾಕ್ಯಕ್ಕೆ ನನ್ನ ಚಪ್ಪಾಳೆ, ಮೇಡಂ.

ಗೌರಿಬಿದನೂರಿನ ನಿವೃತ್ತ ಹವಾಲ್ದಾರ:
ನಮಸ್ಕಾರ. ನಾನು ಸೇನೆಯ ಪ್ರಾಣಿ ಸಾಗಾಣಿಕೆ ದಳದಲ್ಲಿ, ಉತ್ತರದ ಗುಡ್ಡಗಾಡುಗಳಲ್ಲಿ ಹೇಸರಗತ್ತೆಗಳೊಂದಿಗೆ ನೌಕರಿ ಮಾಡಿದವನು. ನೀವೆಲ್ಲ ಕುದುರೆ ಕುದುರೆ ಎನ್ನುತ್ತಿದ್ದೀರಿ, ಈ ಕಾಲದ ಯುದ್ಧದಲ್ಲಿ ನಿಜವಾದ ದುಡಿಮೆ ಹೇಸರಗತ್ತೆಯದು. ಕುದುರೆ ಬೆದರಿದರೆ ಓಡುತ್ತದೆ, ಹೇಸರಗತ್ತೆ ನಿಂತು ಯೋಚಿಸುತ್ತದೆ. ಒಂದಡಿ ಅಗಲದ ದಾರಿಯಲ್ಲಿ, ಒಂದು ಕಡೆ ಪ್ರಪಾತವಿರುವಾಗ, ಈ ವ್ಯತ್ಯಾಸವೇ ಪ್ರಾಣ ಉಳಿಸುತ್ತದೆ.

ಹೊರೆ ಹೇರುವುದು ಒಂದು ವಿದ್ಯೆ. ಎರಡೂ ಬದಿಯ ಹೊರೆಯನ್ನು ಇಬ್ಬರು ಒಂದೇ ಕ್ಷಣದಲ್ಲಿ ಎತ್ತಿ ಜೀನಿಗೆ ಸಿಕ್ಕಿಸಬೇಕು. ಒಬ್ಬ ತಡಮಾಡಿದರೂ ಜೀನು ವಾಲಿ, ಸಂಜೆಯ ಹೊತ್ತಿಗೆ ಹೆಗಲ ಏಣಿನ ಮೇಲೆ ಹುಣ್ಣಾಗುತ್ತದೆ. ಹುಣ್ಣಾದ ಪ್ರಾಣಿ ವಾರಗಟ್ಟಲೆ ಹೊರೆ ಹೊರುವುದಿಲ್ಲ, ಮೇಲಿನ ಪೋಸ್ಟಿಗೆ ಸೀಮೆಎಣ್ಣೆ ತಲುಪುವುದಿಲ್ಲ. ಆದ್ದರಿಂದ ಜೀನು ಇಳಿಸಿದೊಡನೆ ಬೆನ್ನಿನ ಉದ್ದಕ್ಕೂ ಅಂಗೈ ಸವರಿ ನೋಡುತ್ತಿದ್ದೆವು; ಎಲ್ಲಿ ಬಿಸಿ ತಗುಲಿತೋ ಅಲ್ಲಿ ನಾಳೆ ಹುಣ್ಣು ಏಳುತ್ತದೆ ಎಂದರ್ಥ. ಪ್ರಾಣಿಗೆ ನೀರು, ಕಾಳು ಕೊಟ್ಟ ಮೇಲೆಯೇ ನಮ್ಮ ಊಟ. ಹೊರೆ ಹೊತ್ತ ಹೇಸರಗತ್ತೆ ದಾರಿಯ ಒಳಬದಿಯ ಬಂಡೆಗೆ ಹೊರೆ ತಾಗದಿರಲೆಂದು ತಾನಾಗಿಯೇ ಹೊರ ಅಂಚಿನಲ್ಲಿ ನಡೆಯುತ್ತದೆ. ಹೊಸಬರು ಅದನ್ನು ನೋಡಿ ಜೀವ ಕೈಯಲ್ಲಿ ಹಿಡಿದುಕೊಳ್ಳುತ್ತಾರೆ.

ಹಿಂದೆ ಬೆಟ್ಟದ ಫಿರಂಗಿಯನ್ನೇ ಬಿಚ್ಚಿ ಹೇಸರಗತ್ತೆಗಳ ಮೇಲೆ ಹೇರುತ್ತಿದ್ದರು, 3.7 ಇಂಚಿನ ಹೋವಿಟ್ಜರ್ ಎಂಟು ಹೊರೆಗಳಾಗುತ್ತಿತ್ತು. 1944ರಲ್ಲಿ ಬರ್ಮಾದ ಕಾಡಿಗೆ, ಜಪಾನೀಯರ ಬೆನ್ನ ಹಿಂದೆ ಕಾದಾಡುತ್ತಿದ್ದ ಬ್ರಿಟಿಷರ ಚಿಂಡಿಟ್ ಪಡೆಗಳ ಜತೆ ಇವುಗಳನ್ನು ಡಕೋಟಾ ವಿಮಾನದಲ್ಲಿಯೂ ಗ್ಲೈಡರಿನಲ್ಲಿಯೂ ಇಳಿಸಿದರು. ಕೂಗಿದರೆ ಜಪಾನೀಯರಿಗೆ ಸುಳಿವು ಸಿಗುತ್ತದೆಂದು ಅವುಗಳ ಗಂಟಲಿನ ತಂತುಗಳನ್ನು ಮೊದಲೇ ಕತ್ತರಿಸಿಬಿಡುತ್ತಿದ್ದರು. ಇದನ್ನು ಬರೆಯಲು ಮನಸ್ಸು ಒಪ್ಪುವುದಿಲ್ಲ, ಆದರೆ ನಡೆದ ಸಂಗತಿ. 1999ರ ಕಾರ್ಗಿಲ್‌ನಲ್ಲಿಯೂ ಬೆಟ್ಟದ ಮೇಲಿನವರಿಗೆ ಗುಂಡು, ನೀರು ಮುಟ್ಟಿಸಿದ್ದರಲ್ಲಿ ಹೇಸರಗತ್ತೆಗಳ ಪಾಲು ದೊಡ್ಡದು.

ಕುಣಿಗಲ್ ಕೆರೆಯಂಗಳ:
ಹವಾಲ್ದಾರ್ ಸರ್, ಪೆಡೋಂಗಿ ಎಂಬ ಹೇಸರಗತ್ತೆಯ ಕಥೆ ನಿಜವೇ?

ಗೌರಿಬಿದನೂರಿನ ನಿವೃತ್ತ ಹವಾಲ್ದಾರ:
ನಿಜ. 1962ರಲ್ಲಿ ಸೇನೆಗೆ ಸೇರಿದ ಪ್ರಾಣಿ ಅದು. 1971ರ ಯುದ್ಧದಲ್ಲಿ ಪಾಕಿಸ್ತಾನದವರ ಕೈಗೆ ಸಿಕ್ಕು, ಬೆನ್ನ ಮೇಲೆ ಅವರದೇ ಮಷಿನ್‌ಗನ್ ಮತ್ತು ಗುಂಡಿನ ಪೆಟ್ಟಿಗೆ ಹೊತ್ತುಕೊಂಡು ನಮ್ಮ ಕಡೆಗೆ ವಾಪಸಾಯಿತು. 1992ರಲ್ಲಿ ದೆಹಲಿಯಲ್ಲಿ ನೀಲಿ ಮಖಮಲ್ಲಿನ ಹೊದಿಕೆ ಹೊದಿಸಿ ಸನ್ಮಾನ ಮಾಡಿದರು.

ಹುಳಿಯಾರು ಕಾವಲು:
ಕುದುರೆಯೂ ಸರಿ, ಹೇಸರಗತ್ತೆಯೂ ಸರಿ, ನಮ್ಮ ಅಮೃತಮಹಲ್ ಎತ್ತುಗಳನ್ನು ಎಲ್ಲರೂ ಮರೆತಿರುವುದು ಸರಿಯಲ್ಲ. ಒಡೆಯರ ಕಾಲದಲ್ಲಿ ಅರಮನೆಗೆ ಹಾಲು ಬೆಣ್ಣೆ ಒದಗಿಸುತ್ತಿದ್ದ ಬೆಣ್ಣೆಚಾವಡಿಯ ದನಗಳನ್ನೇ ಹೈದರ್ ಮತ್ತು ಟಿಪ್ಪು ಫಿರಂಗಿ ಎಳೆಯಲು ಪಳಗಿಸಿದರು. ಶ್ರೀರಂಗಪಟ್ಟಣ ಬಿದ್ದ ಮೇಲೆ ಇದೇ ಎತ್ತುಗಳನ್ನು ನೆಚ್ಚಿಕೊಂಡು ಯುದ್ಧ ಮಾಡಿದ ಬ್ರಿಟಿಷ್ ಸೇನಾಪತಿ ವೆಲೆಸ್ಲಿ, ಮುಂದೆ ಸ್ಪೇನಿನಲ್ಲಿ ಹೋರಾಡುವಾಗಲೂ ಇಂಥ ಎತ್ತುಗಳಿಲ್ಲವಲ್ಲ ಎಂದು ಕೊರಗಿದ. ಸವಾರರು ಎಷ್ಟೇ ವೇಗವಾಗಿ ಓಡಿದರೂ ಫಿರಂಗಿ ಬರುವವರೆಗೆ ಕೋಟೆಯ ಹೊರಗೆ ಕಾದು ಕೂರಬೇಕಿತ್ತು.

ಮಾಲೂರು ಮೆಕ್ಯಾನಿಕಲ್:
ಈಗ ಎತ್ತೂ ಬಂತು. ಮುಂದೆ ಆನೆ, ಒಂಟೆ ಬರಲಿ. ನನ್ನ ಪ್ರಶ್ನೆಗೆ ಮಾತ್ರ ಉತ್ತರವಿಲ್ಲ: ಇವೆಲ್ಲ ಹಳೆಯ ಕಾಲದವು. ಉಪಗ್ರಹ ಮತ್ತು ಡ್ರೋನ್ ಇರುವ ಈ ಶತಮಾನದಲ್ಲಿ ಕುದುರೆ ಏರಿ ಯುದ್ಧ ಮಾಡಿದ ಒಂದು ಉದಾಹರಣೆ ಕೊಡಿ.

ಶಿರಾ ಓದುಗ:
2001ರ ಅಫ್ಘಾನಿಸ್ತಾನ. ಅಕ್ಟೋಬರಿನಲ್ಲಿ ಬೆಟ್ಟಗಳ ನಡುವೆ ಇಳಿದ ಅಮೆರಿಕದ ವಿಶೇಷ ಪಡೆಯ ಸಣ್ಣ ತಂಡವೊಂದು ತಾಲಿಬಾನಿನ ವಿರುದ್ಧ ಕಾದಾಡುತ್ತಿದ್ದ ಅಫ್ಘನ್ ಮುಖಂಡ ದೋಸ್ತುಮ್‌ನ ಸವಾರರೊಡನೆ ಕುದುರೆಯ ಮೇಲೆಯೇ ಸುತ್ತಿತು. ಕುದುರೆ ಸವಾರಿ ಬಲ್ಲವರು ಆ ತಂಡದಲ್ಲಿ ಬೆರಳೆಣಿಕೆಯಷ್ಟು, ಏರಬೇಕಾದದ್ದು ಅಲ್ಲಿನ ಮರದ ಜೀನುಗಳನ್ನು. ಅವರು ಮಾಡಿದ್ದು ಇಷ್ಟು: ಕುದುರೆಯಲ್ಲಿ ದಿಬ್ಬ ಹತ್ತುವುದು, ಅಲ್ಲಿಂದ ತಾಲಿಬಾನಿನ ನೆಲೆಗಳನ್ನು ಗುರುತಿಸುವುದು, ಮೇಲಿನ ಬಾಂಬರ್‌ಗಳಿಗೆ ಸ್ಥಳ ತಿಳಿಸುವುದು. ಬಾಂಬು ಬಿದ್ದ ಹೊಗೆ ಆರುವ ಮೊದಲೇ ದೋಸ್ತುಮ್‌ನ ಸವಾರರು ನುಗ್ಗುತ್ತಿದ್ದರು. ನವೆಂಬರ್ ಎರಡನೇ ವಾರದ ವೇಳೆಗೆ ಮಜಾರ್‌ ಎ ಷರೀಫ್ ಕೈವಶವಾಯಿತು. ಹೈಫಾದ ಲೆಕ್ಕಾಚಾರವೇ ಇದು, ಫಿರಂಗಿಯ ಜಾಗಕ್ಕೆ ಬಿ-52 ಬಾಂಬರ್ ಬಂದಿತ್ತು ಅಷ್ಟೇ.

ಡ್ರೋನ್ ವಿಷಯಕ್ಕೆ ಬಂದರೆ, 2025ರ ಆರಂಭದಲ್ಲಿ ಉಕ್ರೇನ್ ಯುದ್ಧಭೂಮಿಯಲ್ಲಿ ರಷ್ಯನ್ ಸೈನಿಕರು ಮದ್ದುಗುಂಡು ಸಾಗಿಸಲು ಕತ್ತೆಗಳನ್ನು ಬಳಸುತ್ತಿರುವ ಚಿತ್ರಗಳು ಹರಿದಾಡಿದವು. ರಸ್ತೆಯಲ್ಲಿ ಬರುವ ಲಾರಿಯನ್ನು ಡ್ರೋನ್ ಹುಡುಕಿ ಹೊಡೆಯುತ್ತದೆ. ಮರಗಳ ಸಾಲಿನ ಕೆಳಗೆ ಎಂಜಿನ್ ಸದ್ದಿಲ್ಲದೆ ನಡೆದುಹೋಗುವ ಕತ್ತೆಗೆ ಬದುಕುವ ಅವಕಾಶ ತುಸು ಹೆಚ್ಚು.

ಮಾಲೂರು ಮೆಕ್ಯಾನಿಕಲ್:
ಕತ್ತೆಯನ್ನು ಬಳಸುವುದು ಬಡತನದ ಲಕ್ಷಣ, ಬುದ್ಧಿವಂತಿಕೆಯ ಲಕ್ಷಣವಲ್ಲ. ನಮ್ಮ ಸೇನೆ 2025ರ ಜನವರಿ 15ರಂದು ಪುಣೆಯ ಸೇನಾ ದಿನದ ಪಥಸಂಚಲನದಲ್ಲಿ ನಾಲ್ಕು ಕಾಲಿನ ರೋಬೋಟ್‌ಗಳನ್ನು ನಡೆಸಿತು. ಅವು ಹುಲ್ಲು ಕೇಳುವುದಿಲ್ಲ, ಅವುಗಳಿಗೆ ಹುಣ್ಣಾಗುವುದಿಲ್ಲ.

ಗೌರಿಬಿದನೂರಿನ ನಿವೃತ್ತ ಹವಾಲ್ದಾರ:
ಸಂತೋಷ. ರೋಬೋಟ್ ಬಂದು ನಮ್ಮ ಪ್ರಾಣಿಗಳಿಗೆ ವಿಶ್ರಾಂತಿ ಸಿಕ್ಕರೆ ಮೊದಲು ಹರ್ಷಪಡುವವನು ನಾನೇ. ಆದರೆ ಚಳಿಗೆ ಬ್ಯಾಟರಿ ಇಳಿದಾಗ ಅದನ್ನು ಮೇಲಕ್ಕೆ ಹೊತ್ತುಕೊಂಡು ಹೋಗುವವರು ಯಾರು ಎಂಬುದನ್ನೂ ಎಂಜಿನಿಯರ್ ಸಾಹೇಬರು ವಿಚಾರಿಸಿ ತಿಳಿಸಲಿ.

ಚಿಂತಾಮಣಿ ಮೇಷ್ಟ್ರು:
ಜರ್ಮನಿಯಂಥ ಸಿರಿವಂತ ದೇಶವೇ ಇಂದಿಗೂ ಬಾಡ್ ರೈಖೆನ್‌ಹಾಲ್‌ನಲ್ಲಿ ತನ್ನ ಪರ್ವತ ಪಡೆಗೆಂದು ಹೊರೆ ಹೊರುವ ಪ್ರಾಣಿಗಳ ತರಬೇತಿ ಕೇಂದ್ರ ಇಟ್ಟುಕೊಂಡಿದೆ. ಅದನ್ನೂ ಬಡತನದ ಲೆಕ್ಕಕ್ಕೆ ಬರೆದುಕೊಳ್ಳುತ್ತೀರಾ?

ನಂದಿ ತಪ್ಪಲು:
ಸಾಗಾಣಿಕೆಯ ಮಟ್ಟಿಗೆ ಒಪ್ಪಿದೆ. ಆದರೆ ಜೈಪುರದ 61ನೇ ಕ್ಯಾವಲ್ರಿಯನ್ನು ಏನೆಂದು ಸಮರ್ಥಿಸುತ್ತೀರಿ? ಪೋಲೋ ಆಟಕ್ಕೆ ಮತ್ತು ಪಥಸಂಚಲನಕ್ಕೆ ಒಂದು ರೆಜಿಮೆಂಟ್ ಬೇಕೇ?

ಬೂದಿಕೋಟೆ ಬಂಡೆ:
1953ರಲ್ಲಿ ಗ್ವಾಲಿಯರ್, ಜೋಧಪುರ, ಮೈಸೂರು ಮುಂತಾದ ಸಂಸ್ಥಾನಗಳ ಅಶ್ವದಳಗಳನ್ನು ಕೂಡಿಸಿ ಕಟ್ಟಿದ ರೆಜಿಮೆಂಟ್ ಅದು. 1965ರಲ್ಲಿ ರಾಜಸ್ಥಾನದ ಗಡಿಯಲ್ಲಿ ಕಾವಲು ಕಾದಿದೆ. 2020ರಲ್ಲಿ ಅದನ್ನು ಟ್ಯಾಂಕ್ ರೆಜಿಮೆಂಟಾಗಿ ಬದಲಿಸುವ ಪ್ರಸ್ತಾಪ ಸುದ್ದಿಯಾದಾಗ ನನ್ನಂಥವರಿಗೂ ಬೇಸರವಾಯಿತು. ಹಾಗಿದ್ದರೂ ನಿಜ ಹೇಳುತ್ತೇನೆ, ಇವತ್ತಿನ ಯುದ್ಧದಲ್ಲಿ ಅದನ್ನು ದಾಳಿಗೆ ಕಳಿಸುವ ಸೇನಾಪತಿ ಯಾರೂ ಇಲ್ಲ. ಅದನ್ನು ಪರಂಪರೆ ಎಂದೇ ಉಳಿಸಿಕೊಳ್ಳೋಣ, ಶಸ್ತ್ರ ಎಂದು ಸುಳ್ಳು ಹೇಳುವುದು ಬೇಡ.

ಮಾಲೂರು ಮೆಕ್ಯಾನಿಕಲ್:
ಇದೊಂದು ಮಾತಿಗೆ ನನ್ನ ಪೂರ್ಣ ಸಹಮತವಿದೆ.

ಮಧುಗಿರಿ ವಿದ್ಯಾರ್ಥಿನಿ:
ಎಲ್ಲರಿಗೂ ನಮಸ್ಕಾರ. ಯುದ್ಧ ಮುಗಿದ ಮೇಲೆ ಪ್ಯಾಲೆಸ್ಟೈನಿನ ಆ ಕುದುರೆಗಳೆಲ್ಲ ಏನಾದವು? ಊರಿಗೆ ವಾಪಸು ಕಳಿಸಿದರೇ?

ತಿಪಟೂರು ಪಶುವೈದ್ಯೆ:
ಇಲ್ಲಮ್ಮ, ಬಹುತೇಕ ಕಳಿಸಲಿಲ್ಲ. ಆಸ್ಟ್ರೇಲಿಯದಿಂದ ಆ ಯುದ್ಧಕ್ಕೆ ಹೋದ ಕುದುರೆಗಳು 1 ಲಕ್ಷ 30 ಸಾವಿರಕ್ಕೂ ಹೆಚ್ಚು, ತಾಯ್ನಾಡಿಗೆ ಮರಳಿದ್ದು ಸ್ಯಾಂಡಿ ಎಂಬ ಒಂದೇ ಒಂದು. ಹಡಗಿನ ಖರ್ಚು ಮತ್ತು ರೋಗ ತಗುಲುವ ಭಯ, ಇವೆರಡು ಕಾರಣ. ಗಟ್ಟಿಮುಟ್ಟಾದವನ್ನು ಭಾರತೀಯ ದಳಗಳೂ ಸೇರಿದಂತೆ ಬೇರೆ ಪಡೆಗಳಿಗೆ ವಹಿಸಿದರು, ಮುದಿಯಾದವನ್ನು ಗುಂಡಿಕ್ಕಿ ಕೊಂದರು. ಬ್ರಿಟಿಷ್ ಸೇನೆ ಬೇಡವೆಂದ ಕುದುರೆಗಳು ಸಾವಿರಗಟ್ಟಲೆಯಾಗಿ ಈಜಿಪ್ಟಿನಲ್ಲಿ ಮಾರಾಟವಾಗಿ ಕಲ್ಲುಗಾಡಿ ಎಳೆದವು. 1930ರಲ್ಲಿ ಕೈರೋಗೆ ಬಂದ ಡೊರೊತಿ ಬ್ರೂಕ್ ಎಂಬ ಸೇನಾಧಿಕಾರಿಯ ಹೆಂಡತಿ ಅಂಥ ಮುದಿ ಕುದುರೆಗಳನ್ನು ಬೀದಿಯಲ್ಲಿ ಗುರುತಿಸಿ, ಹಣ ಕೂಡಿಸಿ ಸುಮಾರು 5,000ದಷ್ಟನ್ನು ಕೊಂಡುಕೊಂಡರು. ಹೆಚ್ಚಿನವು ಚೇತರಿಸಿಕೊಳ್ಳುವ ಸ್ಥಿತಿಯಲ್ಲಿ ಇರಲಿಲ್ಲವಾದ್ದರಿಂದ ನೋವಿಲ್ಲದ ಸಾವನ್ನಷ್ಟೇ ಅವುಗಳಿಗೆ ಕೊಡಲು ಸಾಧ್ಯವಾಯಿತು. 1934ರಲ್ಲಿ ಅವರು ಅಲ್ಲಿ ಕಟ್ಟಿದ ಪ್ರಾಣಿ ಆಸ್ಪತ್ರೆಯಿಂದ ಬೆಳೆದ ಸಂಸ್ಥೆ ಇಂದು ನಮ್ಮ ದೇಶದ ಇಟ್ಟಿಗೆಗೂಡುಗಳಲ್ಲಿ ದುಡಿಯುವ ಕುದುರೆ, ಕತ್ತೆ, ಹೇಸರಗತ್ತೆಗಳಿಗೂ ಚಿಕಿತ್ಸೆ ಕೊಡುತ್ತಿದೆ.